ರಟ್ಟಿನ ಪೆಟ್ಟಿಗೆಯ ಬಲ ಮತ್ತು ಬೆಲೆ

ಬೆಳಗಾವಿ ಜಿಲ್ಲೆಯ ಶಿರಗುಪ್ಪಿ, ಉಗಾರ, ಶೇಡಬಾಳ, ಕಾಗವಾಡ ಮುಂತಾದ ಕೃಷ್ಣಾ ದಂಡೆಯ ಊರುಗಳಲ್ಲಿ ಕಬ್ಬೇ ಪ್ರಧಾನ ಬೆಳೆ. ಅಲ್ಲಿಂದ ಪೂರ್ವಕ್ಕೆ ಅಥಣಿಯ ಆಚೆಗಿನ ಮಡ್ಡಿ ಭೂಮಿಗೆ ಹೋದಂತೆ ದ್ರಾಕ್ಷಿ ತೋಟಗಳು ಕಾಣಸಿಗುತ್ತವೆ. ಕಾರ್ಖಾನೆಗೆ ಕಬ್ಬು ಸಾಗಿಸುವ ರೈತನಿಗೆ ಮಾಲು ಕಟ್ಟುವ ಚಿಂತೆ ಇರುವುದಿಲ್ಲ. ಹೊರೆ ಕಟ್ಟಿ ಟ್ರ್ಯಾಕ್ಟರಿಗೆ ಹೇರಿದರೆ ಅವನ ಕೆಲಸ ಮುಗಿಯಿತು. ಸಕ್ಕರೆಯನ್ನು ಚೀಲಕ್ಕೆ ತುಂಬುವುದು ಕಾರ್ಖಾನೆಯ ಹೊಣೆ. ಆ ಚೀಲ ಯಾವುದಿರಬೇಕು ಎಂಬುದನ್ನು ಕೂಡ ಬಹುಮಟ್ಟಿಗೆ ಸರಕಾರವೇ ನಿರ್ಧರಿಸುತ್ತದೆ. 1987ರ ಸೆಣಬು ಪ್ಯಾಕಿಂಗ್ ಸಾಮಗ್ರಿ ಕಾಯ್ದೆಯ ಮೇರೆಗೆ ಹೊರಡಿಸಿದ ಆದೇಶಗಳಲ್ಲಿ ಸಕ್ಕರೆಯ ಶೇಕಡ 20 ಭಾಗವನ್ನು ಸೆಣಬಿನ ಗೋಣಿಚೀಲದಲ್ಲಿಯೇ ತುಂಬಬೇಕೆಂದು ವಿಧಿಸಲಾಗಿದೆ.

ಗಾಣ ಹಾಕಿ ಬೆಲ್ಲ ಮಾಡುವವರ ಮತ್ತು ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವವರ ಸ್ಥಿತಿ ಹಾಗಲ್ಲ. ಮಾಲು ಕೆಡದಂತೆ ಕಟ್ಟುವುದು, ಪೆಟ್ಟಿಗೆ ಕೊಳ್ಳುವುದು, ಶೀತಲಗೃಹಕ್ಕೆ ಮುಟ್ಟಿಸುವುದು ಇವೆಲ್ಲ ರೈತನ ಖರ್ಚಿನಲ್ಲಿಯೇ ನಡೆಯಬೇಕು. ವರ್ಷವಿಡೀ ಚಾಟನಿ, ಗೊಬ್ಬರ, ಔಷಧಿ ಎಂದು ದುಡಿದವರು ಕೊನೆಯ ಹದಿನೈದು ದಿನಗಳಲ್ಲಿ ಪೆಟ್ಟಿಗೆಯ ವಿಷಯದಲ್ಲಿ ಉದಾಸೀನರಾಗುವುದು ಅನೇಕ ಕಡೆ ಕಂಡುಬರುತ್ತದೆ. ಆದ್ದರಿಂದ ರಟ್ಟಿನ ಪೆಟ್ಟಿಗೆ ಎಂದರೇನು, ಅದರ ಬಲ ಎಲ್ಲಿದೆ, ಅದರ ಬೆಲೆ ಹೇಗೆ ನಿಶ್ಚಯವಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಆಸ್ಟ್ರೇಲಿಯ ದೇಶದ ಉದಾಹರಣೆ ಬಹಳ ಉಪಯುಕ್ತ.

ಆಸ್ಟ್ರೇಲಿಯವೇ ಏಕೆ?

ಅಥಣಿ, ವಿಜಯಪುರ, ತಾಸಗಾಂವ ಭಾಗಗಳಲ್ಲಿ ಇಂದು ರೂಢಿಯಲ್ಲಿರುವ ಮಣೂಕ ತಯಾರಿಕೆಯ ವಿಧಾನಕ್ಕೆ ಆಸ್ಟ್ರೇಲಿಯದ ನಂಟಿದೆ. ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಎಣ್ಣೆ, ಅಂದರೆ ಈಥೈಲ್ ಓಲಿಯೇಟ್, ಬೆರೆಸಿದ ತಣ್ಣೀರಿನಲ್ಲಿ ಗೊಂಚಲುಗಳನ್ನು ಅದ್ದಿ, ಮಾಡಿನ ಕೆಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ನೆರಳಿನಲ್ಲಿ ಒಣಗಿಸುವ ಪದ್ಧತಿಯನ್ನು ಅಲ್ಲಿನ ಮರ್ರೆ ನದಿಯ ದಂಡೆಯ ಮಿಲ್ದುರಾ ಪ್ರದೇಶದ ಬೆಳೆಗಾರರು ಬಳಕೆಗೆ ತಂದರು. ಬೂದಿಯ ಕ್ಷಾರ ಮತ್ತು ಆಲಿವ್ ಎಣ್ಣೆ ಬಳಸುತ್ತಿದ್ದ ಮೆಡಿಟರೇನಿಯನ್ ಸೀಮೆಯ ಪುರಾತನ ರೂಢಿಯೇ ಇದರ ಮೂಲ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಗೊಂಡು ನೀರಿನಂಶ ಬೇಗ ಹೊರಬರುವುದೇ ಇದರ ಮರ್ಮ. ಬಲೆಯ ಅಂತಸ್ತು ಆ ಕಡೆಯಿಂದ ನಮ್ಮ ಮಡ್ಡಿಗೆ ಬಂದಿತು. ಆದರೆ ಅದರ ಮುಂದಿನ ಹಂತವಾದ ಪೆಟ್ಟಿಗೆಯ ಶಿಸ್ತು ಅಷ್ಟೇ ವೇಗದಲ್ಲಿ ಬರಲಿಲ್ಲವೆಂದು ಹೇಳಬೇಕಾಗುತ್ತದೆ.

ಆಸ್ಟ್ರೇಲಿಯದಲ್ಲಿ ಪೆಟ್ಟಿಗೆ ತಯಾರಿಸುವುದೇ ಒಂದು ದೊಡ್ಡ ಉದ್ದಿಮೆ. ಅದರಲ್ಲಿ ಎರಡು ಹೆಸರುಗಳು ಮುಖ್ಯವಾದವು. ಒಂದು ಆಮ್ಕೋರ್. 1860ರ ದಶಕದಲ್ಲಿ ಸ್ಯಾಮ್ಯುಯೆಲ್ ರ್‍ಯಾಮ್ಸ್‌ಡೆನ್ ಎಂಬವರು ಮೆಲ್ಬರ್ನ್ ನಗರದ ಯಾರಾ ನದಿಯ ದಂಡೆಯಲ್ಲಿ ಕಟ್ಟಿಸಿದ ಕಾಗದದ ಗಿರಣಿ ಇದರ ಬೇರು. ಮುಂದೆ ಆಸ್ಟ್ರೇಲಿಯನ್ ಪೇಪರ್ ಮ್ಯಾನುಫ್ಯಾಕ್ಚರರ್ಸ್ ಎಂದು ಬೆಳೆದು, 1986ರಲ್ಲಿ ಆಮ್ಕೋರ್ ಎಂಬ ಹೆಸರು ಪಡೆಯಿತು. ಇಂದು ಅದು ಹಲವು ದೇಶಗಳಲ್ಲಿ ಪ್ಲಾಸ್ಟಿಕ್ ಹಾಳೆ, ಬಾಟಲಿ, ಪೊಟ್ಟಣಗಳನ್ನು ತಯಾರಿಸುತ್ತದೆ. 2019ರಲ್ಲಿ ಅಮೆರಿಕದ ಬೆಮಿಸ್ ಕಂಪನಿಯೂ 2025ರಲ್ಲಿ ಬೆರಿ ಗ್ಲೋಬಲ್ ಕಂಪನಿಯೂ ಅದರೊಳಗೆ ಸೇರಿಕೊಂಡವು. ಆಸ್ಟ್ರೇಲಿಯದೊಳಗಿನ ರಟ್ಟಿನ ವ್ಯವಹಾರವನ್ನು ಮಾತ್ರ ಅದು 2013ರಲ್ಲಿಯೇ ಓರೋರಾ ಎಂಬ ಬೇರೆ ಕಂಪನಿಯಾಗಿ ವಿಂಗಡಿಸಿತ್ತು. ಆ ಭಾಗವನ್ನು 2020ರಲ್ಲಿ ಜಪಾನಿನ ನಿಪ್ಪಾನ್ ಪೇಪರ್ ಕೊಂಡಿತು. ಈಗ ಅದು ಓಪಲ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಎರಡನೆಯದು ವೀಸಿ. ಯುರೋಪಿನಿಂದ ವಲಸೆ ಬಂದು, ಹಣ್ಣಿನ ತೋಟಗಳಿಗೆ ಹೆಸರಾದ ಶೆಪರ್ಟನ್ ಊರಿನಲ್ಲಿ ಮೊದಲು ನೆಲೆಸಿದ್ದ ಪ್ರ್ಯಾಟ್ ಕುಟುಂಬ 1948ರಲ್ಲಿ ಮೆಲ್ಬರ್ನ್‌ನಲ್ಲಿ ಬಂಧುಗಳೊಡನೆ ಆರಂಭಿಸಿದ ಉದ್ದಿಮೆಯಿದು. ಇಂದಿಗೂ ಅದೇ ಕುಟುಂಬದ ಕೈಯಲ್ಲಿದೆ. ಹಳೆಯ ರದ್ದಿ ಕಾಗದವನ್ನು ಸಂಗ್ರಹಿಸಿ, ಅರೆದು, ಮತ್ತೆ ರಟ್ಟು ಮಾಡುವುದರಲ್ಲಿ ಈ ಕಂಪನಿ ಹೆಸರುವಾಸಿ. ಇವೆರಡಲ್ಲದೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನು ಮಾಡುವ ಪ್ಯಾಕ್ಟ್ ಗ್ರೂಪ್ 2002ರಲ್ಲಿ ಸ್ಥಾಪನೆಯಾಯಿತು.

ಬೆಲೆ ಕಟ್ಟಿದವರು, ಬೆಲೆ ತೆತ್ತವರು

ರೈತರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಆ ದೇಶದ ರಟ್ಟಿನ ಪೆಟ್ಟಿಗೆಯ ಪೇಟೆಯಲ್ಲಿ ಶೇಕಡ 90ರಷ್ಟು ಪಾಲು ಈ ಎರಡೇ ಕಂಪನಿಗಳದ್ದಾಗಿತ್ತು. 2000ದಿಂದ 2004ರವರೆಗೆ ಇವು ಒಂದರ ಗಿರಾಕಿಯನ್ನು ಇನ್ನೊಂದು ಸೆಳೆಯಬಾರದು, ದರವನ್ನು ಕೂಡಿಯೇ ಏರಿಸಬೇಕು ಎಂದು ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದವು. 2004ರಲ್ಲಿ ಆಮ್ಕೋರ್ ತಾನೇ ಮುಂದಾಗಿ ಈ ವಿಷಯವನ್ನು ಸ್ಪರ್ಧಾ ಆಯೋಗಕ್ಕೆ ತಿಳಿಸಿದ್ದರಿಂದ ಅದಕ್ಕೆ ದಂಡದಿಂದ ವಿನಾಯಿತಿ ದೊರೆಯಿತು. ವೀಸಿಗೆ 2007ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 3.6 ಕೋಟಿ ಆಸ್ಟ್ರೇಲಿಯನ್ ಡಾಲರುಗಳ ದಂಡ ವಿಧಿಸಿತು.

ದಂಡದ ಹಣ ಸರಕಾರಕ್ಕೆ ಸೇರುತ್ತದೆ. ಪೆಟ್ಟಿಗೆ ಕೊಂಡವನಿಗೆ ಅದರಿಂದ ಏನೂ ಬರುವುದಿಲ್ಲ. ಆಗ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಜಾರಾ ಕ್ರೀಕ್ ಎಂಬ ಬಾಳೆಹಣ್ಣಿನ ಪ್ಯಾಕಿಂಗ್ ಶೆಡ್ಡಿನವರು ಪೆಟ್ಟಿಗೆ ಕೊಂಡ ಎಲ್ಲ ಗಿರಾಕಿಗಳ ಪರವಾಗಿ ದಾವೆ ಹೂಡಿದರು. 2011ರಲ್ಲಿ ಎರಡೂ ಕಂಪನಿಗಳು 9.5 ಕೋಟಿ ಡಾಲರ್ ಕೊಡಲೊಪ್ಪಿ ರಾಜಿಯಾದವು. ಒಂದು ಪೆಟ್ಟಿಗೆಯಲ್ಲಿ ಹೆಚ್ಚಿಗೆ ತೆತ್ತದ್ದು ಕೆಲವೇ ಪೈಸೆಗಳ ಲೆಕ್ಕ. ಒಬ್ಬೊಬ್ಬರೇ ಆಗಿದ್ದರೆ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿರಲಿಲ್ಲ. ಹಂಗಾಮಿನ ನಡುವೆ ಊರಿಗೊಬ್ಬನೇ ಪೆಟ್ಟಿಗೆ ವ್ಯಾಪಾರಿ, ಅವನು ಹೇಳಿದ್ದೇ ದರ ಎಂಬ ಅನುಭವವಿರುವ ದ್ರಾಕ್ಷಿ ಬೆಳೆಗಾರರಿಗೆ ಈ ಕಥೆ ಹೊಸದೆನಿಸಲಾರದು.

ರಟ್ಟಿನ ರಚನೆ

ಎರಡು ಸಪಾಟು ಕಾಗದಗಳ ನಡುವೆ ಒಂದು ಅಲೆಯಾಕಾರದ ಕಾಗದವನ್ನು ಗಂಜಿಯಿಂದ ಅಂಟಿಸಿದರೆ ಮೂರು ಪದರದ ರಟ್ಟಾಗುತ್ತದೆ. ಇನ್ನೊಂದು ಅಲೆ, ಇನ್ನೊಂದು ಸಪಾಟು ಸೇರಿದರೆ ಐದು ಪದರ. ಬಲವೆಲ್ಲ ಇರುವುದು ಈ ಅಲೆಯಲ್ಲಿಯೇ. ಸಾಲಾಗಿ ನಿಲ್ಲಿಸಿದ ಕಂಬಗಳಂತೆ ಅಲೆಗಳು ಭಾರ ಹೊರುತ್ತವೆ. ಆದ್ದರಿಂದ ಪೆಟ್ಟಿಗೆಯ ಗೋಡೆಯಲ್ಲಿ ಅಲೆಗಳು ಮೇಲಿನಿಂದ ಕೆಳಗೆ ನೆಟ್ಟಗಿರಬೇಕು. ಅಡ್ಡಡ್ಡಲಾಗಿದ್ದರೆ ಆ ಪೆಟ್ಟಿಗೆ ಥಪ್ಪಿಯಲ್ಲಿ ಕುಸಿಯುವುದು ಖಂಡಿತ. ಕೊಳ್ಳುವಾಗ ಕತ್ತರಿಸಿದ ಅಂಚನ್ನು ನೋಡಿದರೆ ಇದು ತಿಳಿಯುತ್ತದೆ. ಬೆರಳಿನಿಂದ ಅದುಮಿದಾಗ ಅಲೆ ತಕ್ಷಣ ಚಪ್ಪಟೆಯಾದರೆ ಒಳಗಿನ ಕಾಗದ ತೆಳುವೆಂದೂ, ಪದರಗಳು ಉಗುರಿಗೆ ಸುಲಭವಾಗಿ ಬಿಡಿಸಿ ಬಂದರೆ ಅಂಟು ಸಾಲದೆಂದೂ ತಿಳಿಯಬೇಕು.

ರಟ್ಟಿನ ಮೊದಲ ವೈರಿ ತೇವ. ಮಳೆಗಾಲದ ಗಾಳಿಯಲ್ಲಿ ಆರ್ದ್ರತೆ ಶೇಕಡ 90ಕ್ಕೆ ಮುಟ್ಟಿದಾಗ ಒಣ ಹವೆಯಲ್ಲಿದ್ದ ಬಲದ ಸುಮಾರು ಅರ್ಧವೇ ಉಳಿಯುತ್ತದೆ. ಎರಡನೆಯ ವೈರಿ ತಪ್ಪು ಥಪ್ಪಿ. ಪೆಟ್ಟಿಗೆಯ ಭಾರವನ್ನು ಹೆಚ್ಚಾಗಿ ಹೊರುವುದು ಅದರ ನಾಲ್ಕು ಮೂಲೆಗಳು. ಮೂಲೆಯ ಮೇಲೆ ಮೂಲೆ ಬರುವಂತೆ ನೇರವಾಗಿ ಒಟ್ಟಬೇಕು. ಇಟ್ಟಂಗಿ ಗೋಡೆಯಂತೆ ಜೋಡು ತಪ್ಪಿಸಿ ಒಟ್ಟಿದರೆ ನೋಡಲು ಭದ್ರವೆನಿಸುತ್ತದೆ. ಆದರೆ ಮೇಲಿನ ಪೆಟ್ಟಿಗೆಯ ಮೂಲೆ ಕೆಳಗಿನದರ ನಡುಗೋಡೆಯ ಮೇಲೆ ಕುಳಿತು ಬಲ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಲಾರಿಯ ಹಮಾಲರಿಗೆ ಇದನ್ನು ನಿಂತು ಹೇಳುವುದು ಅವಶ್ಯ.

ಮಣೂಕ ಕಟ್ಟುವ ಕ್ರಮ

ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೋನೇಟ್, 15 ಮಿ.ಲೀ. ಡಿಪ್ಪಿಂಗ್ ಎಣ್ಣೆ ಬೆರೆಸಿ, 2ರಿಂದ 4 ನಿಮಿಷ ಅದ್ದಿ ಬಲೆಗೆ ಹಾಕಿದ ಹಣ್ಣು ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಒಣ ಹವೆಯಲ್ಲಿ 15ರಿಂದ 20 ದಿನಗಳಲ್ಲಿ ಒಣಗುತ್ತದೆ. ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಮಣೂಕ ದೊರೆಯುತ್ತದೆ. ಬಲೆಯಿಂದ ಇಳಿಸಿದ ದಿನವೇ ಪೆಟ್ಟಿಗೆಗೆ ತುಂಬುವುದು ಸರಿಯಲ್ಲ. ಮೇಲಿನ ಅಂತಸ್ತಿನ ಹಣ್ಣು ಹೆಚ್ಚು ಒಣಗಿರುತ್ತದೆ, ಕೆಳಗಿನದರಲ್ಲಿ ಹಸಿ ಉಳಿದಿರುತ್ತದೆ. ಸ್ವಚ್ಛವಾದ ಹಾಳೆಯ ಮೇಲೆ ಕೆಲವು ದಿನ ಗುಡ್ಡೆ ಹಾಕಿ ಮುಚ್ಚಿಟ್ಟರೆ ನೀರಿನಂಶ ಎಲ್ಲ ಕಾಳುಗಳಲ್ಲಿ ಸಮನಾಗುತ್ತದೆ. ಬಳಿಕ ತೊಟ್ಟು ಬಿಡಿಸಿ, ತೂರಿ, ಗಾತ್ರ ಹಾಗೂ ಬಣ್ಣಕ್ಕೆ ತಕ್ಕಂತೆ ವಿಂಗಡಿಸಬೇಕು.

ತುಂಬುವಾಗ ನೀರಿನಂಶ ಶೇಕಡ 15ರ ಒಳಗಿರಬೇಕು. ಮುಷ್ಟಿ ಹಿಡಿದು ಬಿಗಿಯಾಗಿ ಒತ್ತಿ ಬಿಟ್ಟಾಗ ಕಾಳುಗಳು ಬಿಡಿಬಿಡಿಯಾದರೆ ಹದ ಬಂದಿದೆ ಎಂದರ್ಥ. ಉಂಡೆಯಾಗಿ ನಿಂತರೆ ಇನ್ನೂ ಹಸಿಯಿದೆ. ಹಸಿ ಇದ್ದದ್ದನ್ನು ತೂಕದ ಆಸೆಗೆ ತುಂಬುವವರಿದ್ದಾರೆ. ಅಂಥ ಪೆಟ್ಟಿಗೆ ಎರಡು ತಿಂಗಳಲ್ಲಿ ಹುಳಿ ವಾಸನೆ ಹಿಡಿದು, ಬೂಷ್ಟು ಬಂದು, ಗಳಿಸಿದ ತೂಕದ ಹತ್ತು ಪಟ್ಟು ಬೆಲೆಯನ್ನು ನುಂಗುತ್ತದೆ.

ರೂಢಿಯಲ್ಲಿರುವುದು 15 ಕಿಲೋ ಪೆಟ್ಟಿಗೆ. ಇದರ ಒಳಗೆ ಪಾಲಿಥೀನ್ ಚೀಲ ಹಾಕಿ ತುಂಬಬೇಕು. ಭಾರ ಹೊರುವ ಕೆಲಸ ರಟ್ಟಿನದು, ಗಾಳಿ ಮತ್ತು ತೇವ ತಡೆಯುವ ಕೆಲಸ ಚೀಲದ್ದು. 1965ರಲ್ಲಿ ಆಸ್ಟ್ರೇಲಿಯದ ಥಾಮಸ್ ಆಂಗೋವ್ ಎಂಬ ದ್ರಾಕ್ಷಾರಸ ತಯಾರಕರು ಪೆಟ್ಟಿಗೆಯೊಳಗೆ ಚೀಲವಿಟ್ಟು ದ್ರಾಕ್ಷಾರಸ ಮಾರಿದ್ದೂ ಇದೇ ತತ್ವದ ಮೇಲೆ. ಹೀಗಿದ್ದೂ ಚೀಲದ ಬಾಯಿಯನ್ನು ಸುಮ್ಮನೆ ಮಡಿಚಿ ಬಿಡುವ ಅಭ್ಯಾಸ ಹಲವೆಡೆ ಇದೆ. ಗಾಳಿ ಹಿಂಡಿ ಬಿಗಿಯಾಗಿ ಕಟ್ಟದಿದ್ದರೆ ಚೀಲ ಹಾಕಿಯೂ ಹಾಕದಂತೆಯೇ.

ಹಸಿರು, ಹಳದಿ ಬಣ್ಣದ ಮಣೂಕ ಹೊರಗಿನ ಹವೆಯಲ್ಲಿ ಬೇಗ ಕಂದಾಗುವುದರಿಂದ 4ರಿಂದ 5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶೀತಲಗೃಹದಲ್ಲಿ ಇಡುವುದು ಒಳ್ಳೆಯದು. ಪತಂಗ ಮತ್ತು ದುಂಬಿಗಳ ಸಂತಾನವೂ ಅಲ್ಲಿ ಬೆಳೆಯದು. ಮಾರಾಟಕ್ಕೆ ಹೊರತೆಗೆದಾಗ ಮಾತ್ರ ಎಚ್ಚರಿಕೆ ಬೇಕು. ತಣ್ಣನೆಯ ಪೆಟ್ಟಿಗೆಯ ಚೀಲವನ್ನು ಕೂಡಲೇ ಬಿಚ್ಚಿದರೆ ಹೊರಗಿನ ಗಾಳಿಯ ತೇವ ಕಾಳುಗಳ ಮೇಲೆ ನೀರಾಗಿ ಇಳಿಯುತ್ತದೆ. ಪೆಟ್ಟಿಗೆ ಹೊರಗಿನ ಉಷ್ಣತೆಗೆ ಬರುವವರೆಗೆ ಚೀಲ ಕಟ್ಟಿದಂತೆಯೇ ಇರಲಿ.

ಪೆಟ್ಟಿಗೆಯಲ್ಲಿ ಉಳಿತಾಯ ಬೇಡ

10 ಟನ್ ಹಸಿ ದ್ರಾಕ್ಷಿ ಬಂದ ತೋಟದಿಂದ ಎರಡೂವರೆ ಟನ್ ಮಣೂಕ ದೊರೆತರೆ 167 ಪೆಟ್ಟಿಗೆ ಬೇಕಾಗುತ್ತದೆ. ಪೆಟ್ಟಿಗೆಗೆ 5 ರೂಪಾಯಿ ಕಡಿಮೆಯದನ್ನು ಕೊಂಡರೆ ಉಳಿಯುವುದು 835 ರೂಪಾಯಿ. ಕುಸಿದ, ತೇವ ತಗುಲಿದ ಪೆಟ್ಟಿಗೆಯನ್ನು ಸವಾಲಿನಲ್ಲಿ ಕಂಡ ವ್ಯಾಪಾರಿ ಕಿಲೋಗೆ ಒಂದೇ ರೂಪಾಯಿ ಇಳಿಸಿ ಕೂಗಿದರೂ 2500 ರೂಪಾಯಿ ಹೋಗುತ್ತದೆ. ಇಳಿಸುವವರು ಒಂದೇ ರೂಪಾಯಿಗೆ ನಿಲ್ಲುವುದೂ ಇಲ್ಲ.

ಉಳಿತಾಯ ಬೇಕಿದ್ದರೆ ಅದು ಕೂಡಿ ಕೊಳ್ಳುವುದರಲ್ಲಿದೆ. ಹಂಗಾಮಿಗೆ ಎರಡು ತಿಂಗಳು ಮುಂಚೆ ಹತ್ತಾರು ಬೆಳೆಗಾರರು, ಅಥವಾ ರೈತ ಉತ್ಪಾದಕರ ಸಂಸ್ಥೆಯವರು, ಬೇಕಾದ ಸಂಖ್ಯೆಯನ್ನು ಒಟ್ಟುಗೂಡಿಸಿ, ಪದರ, ಕಾಗದದ ತೂಕ, ಅಳತೆಗಳನ್ನು ಬರೆದು ಕೊಟ್ಟು, ಕನಿಷ್ಠ ಮೂರು ಕಡೆಯಿಂದ ದರ ತರಿಸಬೇಕು. ಈ ಮೂವರೂ ಒಂದೇ ಊರಿನವರಾಗದಂತೆ ನೋಡಿಕೊಳ್ಳುವುದು ಮೇಲು. ಮಾದರಿ ಪೆಟ್ಟಿಗೆಯೊಂದನ್ನು ಸಹಿ ಮಾಡಿ ತೆಗೆದಿಟ್ಟುಕೊಂಡರೆ, ಬಂದ ಮಾಲು ಹಗುರವಾಗಿದ್ದಾಗ ತೂಗಿ ತೋರಿಸಬಹುದು.

ಬೆಲ್ಲಕ್ಕೆ ಬೇರೆ ನಿಯಮ

ಬೆಲ್ಲ ಗಾಳಿಯಿಂದ ತೇವವನ್ನು ಹೀರುವ ಪದಾರ್ಥ. ಅಚ್ಚಿನಿಂದ ತೆಗೆದ ಬಿಸಿ ಪೆಂಟಿಗೆ ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ಆವಿ ಹೊರಹೋಗದೆ ಮೇಲ್ಮೈ ನೀರೊಡೆಯುತ್ತದೆ. ಪೂರ್ತಿ ಆರಿದ ಮೇಲೆಯೇ ಸುತ್ತಬೇಕು. ಗೋಣಿ ತಟ್ಟಿನಲ್ಲಿ ಕಟ್ಟಿದ ಬೆಲ್ಲ ಬೇಸಿಗೆಗೆ ಸರಿ, ಮಳೆಗಾಲಕ್ಕೆ ಸಾಲದು. ಸಣ್ಣ ಅಚ್ಚು ಹಾಗೂ ಪುಡಿ ಬೆಲ್ಲವನ್ನು ತೇವ ನುಸುಳದ ಪೊಟ್ಟಣದಲ್ಲಿ ಹಾಕಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿದರೆ ದೂರದ ಪೇಟೆಗೂ ಕಳಿಸಬಹುದು. ಬಣ್ಣಕ್ಕಾಗಿ ರಾಸಾಯನಿಕ ಬಳಸಿದ ಬೆಲ್ಲವನ್ನು ಎಷ್ಟು ಚೆಂದದ ಪೊಟ್ಟಣದಲ್ಲಿ ಹಾಕಿದರೂ, ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಿದ್ದರೆ ಆಹಾರ ಕಾನೂನಿನಂತೆ ಅದನ್ನು ಮಾರುವಂತಿಲ್ಲ.

ಕೃಷ್ಣಾ ದಂಡೆಯ ಊರುಗಳು 2005, 2019 ಮತ್ತು 2021ರಲ್ಲಿ ಮಹಾಪೂರ ಕಂಡಿವೆ. ಬೆಲ್ಲವಾಗಲಿ, ಖಾಲಿ ಪೆಟ್ಟಿಗೆಗಳಾಗಲಿ ಜುಲೈ ತಿಂಗಳ ಮುಂಚೆಯೇ ನೆಲದ ಕೋಣೆಯಿಂದ ಎತ್ತರದ ಜಾಗಕ್ಕೆ ಸೇರಬೇಕು. ಪ್ರವಾಹ ಬಾರದ ವರ್ಷವೂ ನೆಲದ ತೇವ ಏರುವುದರಿಂದ ಕಟ್ಟಿಗೆಯ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟು ಒಟ್ಟಬೇಕು. ಒಮ್ಮೆ ನೆನೆದ ರಟ್ಟು ಒಣಗಿದ ಮೇಲೆ ಮೊದಲಿನಂತೆ ಕಂಡರೂ ಅದರ ಅಲೆ ಮತ್ತೆ ನಿಲ್ಲುವುದಿಲ್ಲ. ಅಂಥ ಪೆಟ್ಟಿಗೆಗಳನ್ನು ಬೇರೆ ಮಾಡಿ ರದ್ದಿಗೆ ಹಾಕುವುದೇ ಸರಿ. ಹೊಸ ಪೆಟ್ಟಿಗೆಗಳ ಥಪ್ಪಿಯಲ್ಲಿ ಕೆಳಸಾಲಿಗೆ ಅವುಗಳನ್ನು ಎಂದೂ ಇಡಬಾರದು.