ಬಟನ್ ಬಣ್ಣ ಬದಲಿಸುವ ಮೊದಲು

ಪ್ರಶ್ನೆ: ನಮ್ಮದು ಇಳಕಲ್ಲು. ಸೀರೆ ಅಂಗಡಿ ಅಜ್ಜನ ಕಾಲದ್ದು, ವೆಬ್‌ಸೈಟ್ ಮಾತ್ರ ಹೋದ ವರ್ಷದ್ದು. ಇನ್‌ಸ್ಟಾಗ್ರಾಮ್ ಜಾಹೀರಾತು ನೋಡಿ ತಿಂಗಳಿಗೆ ಸುಮಾರು 3,000 ಜನ ಬರುತ್ತಾರೆ, ಆರ್ಡರ್ ಆಗುವುದು 60. ‘ಬೈ ನೌ’ ಬಟನ್ ಹಸಿರಿದೆ, ಕಿತ್ತಳೆ ಮಾಡಿ ಎ/ಬಿ ಟೆಸ್ಟ್ ಹಚ್ಚೋಣ ಎನ್ನುತ್ತಾನೆ ಅಳಿಯ. ಅದಕ್ಕೆ ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬೇಕಂತೆ. ತೊಗೊಳ್ಳಲೇ?
— ಸೀರೆ ವ್ಯಾಪಾರಿ, ಇಳಕಲ್

ಉತ್ತರ: ಬೇಡ, ದುಡ್ಡು ಉಳಿಸಿ.

ನೂರು ಜನ ಬಂದರೆ ಇಬ್ಬರು ಕೊಳ್ಳುತ್ತಿದ್ದಾರೆ, ಅಂದರೆ ನಿಮ್ಮ ಕನ್ವರ್ಷನ್ ರೇಟ್ 2%. ಬಂದವರಲ್ಲಿ ಅರ್ಧ ಜನಕ್ಕೆ ಹಳೆಯ ಪುಟ, ಉಳಿದರ್ಧಕ್ಕೆ ಹೊಸ ಪುಟ ತೋರಿಸಿ, ಯಾವುದರಲ್ಲಿ ಹೆಚ್ಚು ಜನ ಕೊಂಡರು ಎಂದು ನೋಡುವುದೇ ಎ/ಬಿ ಟೆಸ್ಟ್. ಆದರೆ ಏನನ್ನೂ ಬದಲಿಸದಿದ್ದರೂ ಒಂದು ತಿಂಗಳು 52, ಇನ್ನೊಂದು ತಿಂಗಳು 69 ಆರ್ಡರ್ ಬರುವುದು ಸಹಜ. ಈ ಏರಿಳಿತದೊಳಗಿಂದ ಬಟನ್ನಿನ ಪಾಲು ಎಷ್ಟೆಂದು ಬೇರ್ಪಡಿಸಲು ತುಂಬ ಜನ ಬೇಕು. 2% ಇದ್ದದ್ದು 2.5% ಆಯಿತೆಂದು ಧೈರ್ಯವಾಗಿ ಹೇಳಬೇಕಾದರೆ ಒಂದೊಂದು ಪುಟಕ್ಕೂ ಸುಮಾರು 12,500 ಜನ, ಎರಡೂ ಸೇರಿ 25,000. ನಿಮಗೆ ಅಷ್ಟು ಜನ ಬರಲು ಎಂಟು ತಿಂಗಳು ದಾಟುತ್ತದೆ. ಅಷ್ಟರಲ್ಲಿ ಶ್ರಾವಣ, ದಸರಾ, ದೀಪಾವಳಿ, ಮದುವೆ ಸುಗ್ಗಿ ಎಲ್ಲ ಬಂದುಹೋಗಿರುತ್ತದೆ. ಬರೀ ಬಣ್ಣದಿಂದ ಮಾರಾಟ ಕಾಲುಭಾಗ ಏರುವುದಂತೂ ಅಪರೂಪ. ಬಣ್ಣದ ಟೆಸ್ಟ್ ಗೂಗಲ್‌ನಂಥವರಿಗೆ ಸರಿ. ಅವರು ನೀಲಿಯ 41 ಛಾಯೆಗಳನ್ನು ಪರೀಕ್ಷೆಗೆ ಹಚ್ಚಿದ್ದು ಪ್ರಸಿದ್ಧ. ಇಂಥದ್ದರಿಂದ ಬೇಸತ್ತು ಅವರ ಹಿರಿಯ ವಿನ್ಯಾಸಕಾರ ಡಗ್ಲಸ್ ಬೋಮನ್ 2009ರಲ್ಲಿ ಕೆಲಸ ಬಿಟ್ಟದ್ದೂ ಅಷ್ಟೇ ಪ್ರಸಿದ್ಧ.

ನೀವು ಕೇಳಬೇಕಾದ್ದು ಬೇರೆ: ಕೊಳ್ಳದೆ ಹೋದ 2,940 ಜನ ಎಲ್ಲಿಂದ ಹಿಂದಿರುಗಿದರು? ಗೂಗಲ್ ಅನಲಿಟಿಕ್ಸ್‌ಗೆ ದುಡ್ಡಿಲ್ಲ. ಸೀರೆಯ ಪುಟ, ಕಾರ್ಟ್, ವಿಳಾಸ, ಪಾವತಿ ಈ ನಾಲ್ಕರಲ್ಲಿ ಪ್ರತಿಯೊಂದನ್ನೂ ಎಷ್ಟು ಜನ ಮುಟ್ಟಿದರು ಎಂದು ಬರೆದುಕೊಳ್ಳಿ.

ಸೀರೆಯ ಪುಟದಿಂದಲೇ ಹೋಗುತ್ತಿದ್ದರೆ, ಆ ಪುಟ ಹೇಳಬೇಕಾದ್ದನ್ನು ಹೇಳುತ್ತಿಲ್ಲ. ಒಡಲು ಹತ್ತಿಯೋ ರೇಷ್ಮೆಯೋ? ಸೆರಗು ಶುದ್ಧ ರೇಷ್ಮೆಯೋ ಆರ್ಟ್ ಸಿಲ್ಕೋ? ಉದ್ದ ಎಷ್ಟು, ಕುಪ್ಪಸದ ಬಟ್ಟೆ ಸೇರಿದೆಯೇ, ಬಣ್ಣ ಬಿಡುತ್ತದೆಯೇ? ಅಂಗಡಿಯಲ್ಲಾದರೆ ನೀವು ಸೀರೆ ಬಿಚ್ಚಿ ಸೆರಗು ಹರಡಿ ತೋರಿಸುತ್ತೀರಿ. ವೆಬ್‌ಸೈಟಿನಲ್ಲಿ ಮಡಿಸಿಟ್ಟ ಸೀರೆಯ ಒಂದೇ ಫೋಟೊ ಹಾಕಿದರೆ ಟೋಪ ತೆನಿ ಸೆರಗು ಯಾರಿಗೆ ಕಂಡೀತು? ನಿಮ್ಮ ವಾಟ್ಸ್‌ಆ್ಯಪ್ ತೆರೆದು ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅವೆಲ್ಲ ನಿಮ್ಮ ಪುಟ ಉತ್ತರಿಸದ ಪ್ರಶ್ನೆಗಳು. ಕೇಳಿದವರು ಕೆಲವರು, ಕೇಳದೆ ಹೋದವರೇ ಹೆಚ್ಚು.

ಕಾರ್ಟ್ ದಾಟಿದ ಮೇಲೆ ಬಿಡುತ್ತಿದ್ದರೆ ಕಾರಣ ಬೇರೆ ಇರುತ್ತದೆ: ಕೊನೆಗೆ ದಿಢೀರನೆ ಸೇರುವ ಕೊರಿಯರ್ ಖರ್ಚು, ಕ್ಯಾಶ್ ಆನ್ ಡೆಲಿವರಿ ಇಲ್ಲದಿರುವುದು, ಇಲ್ಲವೇ ಕೊಳ್ಳುವ ಮೊದಲೇ ಖಾತೆ ತೆರೆಯಿರಿ ಎಂಬ ಒತ್ತಾಯ. ಅಮೆರಿಕದ ತಜ್ಞ ಜೇರೆಡ್ ಸ್ಪೂಲ್ 2009ರಲ್ಲಿ ಇಂಥದೊಂದು ಪ್ರಕರಣ ಬರೆದರು. ಹೆಸರು ಹೇಳದ ಒಂದು ದೊಡ್ಡ ಮಳಿಗೆಯ ಸೈಟಿನಲ್ಲಿ ಹಣ ಕಟ್ಟುವ ಮೊದಲು ‘ರಿಜಿಸ್ಟರ್’ ಎಂಬ ಬಟನ್ ಇತ್ತು. ಅದನ್ನು ತೆಗೆದು ‘ಕಂಟಿನ್ಯೂ’ ಎಂದು ಹಾಕಿ, ಖಾತೆ ಇಲ್ಲದೆಯೂ ಕೊಳ್ಳಬಹುದು ಎಂದು ಒಂದು ಸಾಲು ಬರೆದರು. ಕೊಳ್ಳುವವರು 45% ಹೆಚ್ಚಿದರು, ಮೊದಲ ವರ್ಷದ ಹೆಚ್ಚುವರಿ ಆದಾಯ 30 ಕೋಟಿ ಡಾಲರ್. ಬಟನ್ನಿನ ಬಣ್ಣ ಯಾವುದಿತ್ತು ಎಂದು ಯಾರೂ ನೆನಪಿಟ್ಟಿಲ್ಲ.

ಇನ್ನೊಂದು ಕೆಲಸ. ನಿಮ್ಮ ಸೈಟ್ ನೋಡದ ಐದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಅವರ ಫೋನಿನಲ್ಲೇ ಒಂದು ಸೀರೆ ಕೊಳ್ಳಲು ಹೇಳಿ. ನೀವು ಬಾಯಿ ತೆರೆಯಬಾರದು; ‘ಅಲ್ಲಿ ಒತ್ತಿ ಅಕ್ಕಾ’ ಎಂದಿರೋ, ಪರೀಕ್ಷೆ ಕೆಟ್ಟಿತು. ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಹಾಕಿದ ಲೆಕ್ಕದಂತೆ ಐದು ಜನರಿಂದಲೇ ಬಳಕೆಯ ತೊಡಕುಗಳಲ್ಲಿ ಸುಮಾರು 85% ಬಯಲಾಗುತ್ತವೆ. ಸಂಖ್ಯೆಯ ಬಗ್ಗೆ ವಾದವಿದೆ, ವಿಧಾನದ ಬಗ್ಗೆ ಇಲ್ಲ.

ಅಳಿಯನಿಗೆ ಬೇಸರವಾಗದಿರಲಿ, ಅವನಿಗೊಂದು ಟೆಸ್ಟ್ ಇದೆ. ಕಾರ್ಟ್‌ಗೆ ಹಾಕಿದ ನೂರರಲ್ಲಿ 30 ಜನ ಕೊಳ್ಳುತ್ತಿದ್ದರು ಎನ್ನಿ. ಅದು 40 ಆಯಿತೇ ಎಂದು ತಿಳಿಯಲು ಪ್ರತಿ ಬದಿಗೆ ಸುಮಾರು 340 ಜನ ಸಾಕು. ನಿಮ್ಮಲ್ಲಿ ಮೂರೂವರೆ ತಿಂಗಳಲ್ಲಿ ಮುಗಿಯುತ್ತದೆ. ಪಾವತಿಯ ಹತ್ತಿರದ ದೊಡ್ಡ ಬದಲಾವಣೆಯನ್ನು ಹೀಗೆ ಅಳೆಯಬಹುದು.

ಪ್ರಶ್ನೆ: ಹೊಸ ಚೆಕ್‌ಔಟ್ ಪುಟದ ಟೆಸ್ಟ್ ಎರಡು ವಾರಕ್ಕೆಂದು ಶುರು ಮಾಡಿದೆವು. ನಾಲ್ಕನೇ ದಿನಕ್ಕೇ ಡ್ಯಾಶ್‌ಬೋರ್ಡ್ ‘95%’ ಎಂದು ಹಸಿರು ತೋರಿಸಿತು. ನಿಲ್ಲಿಸಿ ಲೈವ್ ಮಾಡಿ ಎನ್ನುತ್ತಾರೆ ಮ್ಯಾನೇಜರ್.
— ಪ್ರಾಡಕ್ಟ್ ಅನಲಿಸ್ಟ್, ಬೆಂಗಳೂರು

ಉತ್ತರ: ನಿಲ್ಲಿಸಬೇಡಿ. ಆ 95% ಅರ್ಥಪೂರ್ಣವಾಗುವುದು ಮೊದಲೇ ಗೊತ್ತುಮಾಡಿದ ದಿನ ಒಂದೇ ಸಲ ನೋಡಿದಾಗ. ಎರಡು ಪುಟಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದುಕೊಳ್ಳಿ. ಕೊನೆಯಲ್ಲಿ ಒಮ್ಮೆ ನೋಡಿದರೆ ಸುಳ್ಳು ಗೆಲುವು ಕಾಣುವ ಸಾಧ್ಯತೆ ಇಪ್ಪತ್ತರಲ್ಲಿ ಒಂದು. ದಿನವೂ ಇಣುಕಿ, ಹಸಿರು ಕಂಡ ಗಳಿಗೆಯಲ್ಲೇ ನಿಲ್ಲಿಸಿದರೆ ಅದು ಐದರಲ್ಲಿ ಒಂದರ ಆಸುಪಾಸಿಗೆ ಬರುತ್ತದೆ. ನಡುವೆ ನೋಡಲೇಬೇಕಾದ ಒತ್ತಡವಿದ್ದರೆ ಅದಕ್ಕೆಂದೇ ಸೀಕ್ವೆನ್ಷಿಯಲ್ ಟೆಸ್ಟಿಂಗ್ ಇದೆ. ಮುಂದಿನ ಸಲ ಮೊದಲೇ ಅದನ್ನು ಆರಿಸಿಕೊಳ್ಳಿ. ಜೊತೆಗೆ ವಾರದ ದಿನ ಕೊಳ್ಳುವವರೇ ಬೇರೆ, ಭಾನುವಾರ ಕೊಳ್ಳುವವರೇ ಬೇರೆ. ನಾಲ್ಕು ದಿನದಲ್ಲಿ ಒಂದು ವಾರವೂ ತುಂಬಿಲ್ಲ.

ಗೆಲುವು ಸೋಲಿಗಿಂತ ಮೊದಲು ಇನ್ನೊಂದನ್ನು ನೋಡಿ: ಎರಡೂ ಬದಿಗೆ ಜನ ಸಮನಾಗಿ ಹಂಚಿಕೆಯಾಗಿದ್ದಾರೆಯೇ? ಒಂದರಲ್ಲಿ 50,000, ಇನ್ನೊಂದರಲ್ಲಿ 48,500 ಇದ್ದರೆ ಅದು ಅದೃಷ್ಟದ ಆಟವಲ್ಲ. ಎಲ್ಲೋ ಕೋಡ್ ಕೆಟ್ಟಿದೆ, ಆ ಫಲಿತಾಂಶವನ್ನು ಬಿಸಾಡಬೇಕು.

ಮ್ಯಾನೇಜರಿಗೆ ಮೈಕ್ರೋಸಾಫ್ಟ್‌ನ ಅನುಭವ ಹೇಳಿ. ಅಲ್ಲಿ ಪ್ರಯೋಗಗಳ ಹೊಣೆ ಹೊತ್ತಿದ್ದ ರಾನ್ ಕೊಹಾವಿ ಬರೆದಂತೆ, ಚೆನ್ನಾಗಿದೆ ಎಂದುಕೊಂಡು ಮಾಡಿದ ಬದಲಾವಣೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ನಿಜಕ್ಕೂ ಫಲ ಕೊಟ್ಟವು. ತದ್ವಿರುದ್ಧವೂ ನಡೆದಿದೆ. ಅವರದೇ ಸರ್ಚ್ ಎಂಜಿನ್ ಬಿಂಗ್‌ನಲ್ಲಿ ಜಾಹೀರಾತಿನ ತಲೆಬರಹ ಉದ್ದ ಮಾಡುವ ಒಂದು ಸಲಹೆ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. 2012ರಲ್ಲಿ ಒಬ್ಬ ಎಂಜಿನಿಯರ್ ಸುಮ್ಮನೆ ಟೆಸ್ಟ್ ಹಚ್ಚಿದಾಗ ಆದಾಯ 12% ಏರಿತು.

ಪ್ರಶ್ನೆ: ಮುಖಪುಟದಲ್ಲಿ ಸಂಸ್ಥಾಪಕರು ಮಾತಾಡುವ ವಿಡಿಯೋ ಹಾಕಿದರೆ ವಿಶ್ವಾಸ ಬೆಳೆಯುತ್ತದೆಯೇ?
— ಕೋಚಿಂಗ್ ಸಂಸ್ಥೆ, ಧಾರವಾಡ

ಉತ್ತರ: ಬರಾಕ್ ಒಬಾಮಾ ಅವರ 2008ರ ಚುನಾವಣಾ ತಂಡವೂ ಹಾಗೇ ನಂಬಿತ್ತು. ಮಾತುಗಾರಿಕೆಯಲ್ಲಿ ಅವರನ್ನು ಮೀರಿಸುವವರು ಯಾರು? ಆದರೆ ಆ ತಂಡದ ಡ್ಯಾನ್ ಸಿರೋಕರ್ ಪರೀಕ್ಷಿಸಿ ನೋಡಿದಾಗ ಎಲ್ಲ ವಿಡಿಯೋಗಳೂ ಫೋಟೊಗಳಿಗೆ ಸೋತವು. ಗೆದ್ದದ್ದು ಒಬಾಮಾ ಕುಟುಂಬದ ಒಂದು ಫೋಟೊ ಮತ್ತು ‘ಲರ್ನ್ ಮೋರ್’ ಎಂಬ ಬಟನ್. ಹೆಸರು ನೋಂದಾಯಿಸುವವರು 8.26%ರಿಂದ 11.6%ಕ್ಕೆ ಏರಿದರು. ವಿಡಿಯೋ ಬದಲು ನೀವು ಶುಲ್ಕ, ಬ್ಯಾಚಿನ ಸಮಯ, ಹಾಸ್ಟೆಲ್ ಇದೆಯೇ ಇಲ್ಲವೇ, ಇವನ್ನು ಮೊದಲು ಕಾಣುವಂತೆ ಹಾಕಿ.

ಪ್ರಶ್ನೆ: ಕೃಷಿ ಉಪಕರಣ ಮಾರುತ್ತೇವೆ. ಸೈಟ್ ಕನ್ನಡದಲ್ಲಿ ಮಾಡಿದೆವು, ಆದರೂ ಜನ ಫಾರ್ಮ್ ತುಂಬದೆ ಫೋನೇ ಮಾಡುತ್ತಾರೆ.
— ದಾವಣಗೆರೆ

ಉತ್ತರ: ಫೋನ್ ಮಾಡಿದರೆ ಒಳ್ಳೆಯದೇ, ಅದನ್ನೂ ಕನ್ವರ್ಷನ್ ಎಂದೇ ಎಣಿಸಿ. ಫಾರ್ಮ್ ಬಗ್ಗೆ ಹೇಳುವುದಾದರೆ, ಕಾಲಂಗಳ ಹೆಸರು ಕನ್ನಡದಲ್ಲಿದ್ದು, ತಪ್ಪು ತೋರಿಸುವ ಸಂದೇಶ ಮಾತ್ರ ಇಂಗ್ಲಿಷಿನಲ್ಲಿ ಉಳಿದಿರುವುದನ್ನು ಬಹಳ ಕಡೆ ಕಂಡಿದ್ದೇನೆ. ಇನ್ನೊಂದು ಕಾಟ ‘ಲಾಸ್ಟ್ ನೇಮ್’ ಎಂಬ ಕಡ್ಡಾಯದ ಕಾಲಂ. ನಮ್ಮಲ್ಲಿ ಅನೇಕರಿಗೆ ಅಡ್ಡಹೆಸರಿಲ್ಲ, ಇರುವುದು ಒಂದೇ ಅಕ್ಷರದ ಇನಿಷಿಯಲ್. ಅದನ್ನು ಒತ್ತಿದರೆ ಫಾರ್ಮ್ ಕೆಂಪಾಗುತ್ತದೆ. ಹೆಸರಿಗೆ ಒಂದೇ ಕಾಲಂ ಇಡಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಒಪ್ಪಿಕೊಳ್ಳಿ. ವಿಳಾಸದಲ್ಲಿ ‘ಮಾರಮ್ಮನ ಗುಡಿ ಹಿಂದೆ’ ಎಂದು ಬರೆಯಲು ಜಾಗ ಕೊಡಿ.

ಪ್ರಶ್ನೆ: ನಮ್ಮ ಹೋಂಸ್ಟೇ ಸೈಟಿಗೆ ಸಲಹೆಗಾರರೊಬ್ಬರು ‘ಎರಡೇ ಕೋಣೆ ಉಳಿದಿವೆ’ ಎಂಬ ಸಾಲು, ಹತ್ತು ನಿಮಿಷದ ಟೈಮರ್ ಹಾಕಿಸಿದ್ದಾರೆ. ಕೋಣೆ ಖಾಲಿ ಇದ್ದಾಗಲೂ ಅದೇ ತೋರಿಸುತ್ತದೆ. ಬುಕಿಂಗ್ ಹೆಚ್ಚಾಗಿದೆ, ರದ್ದತಿಯೂ.
— ಸಕಲೇಶಪುರ

ಉತ್ತರ: ಇವತ್ತೇ ತೆಗೆಸಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸಗಳ ಪಟ್ಟಿಯಿದೆ, ಸುಳ್ಳು ತುರ್ತು ಅದರಲ್ಲೊಂದು. ಕೇಳದೆಯೇ ಕಾರ್ಟ್‌ಗೆ ಏನನ್ನೋ ಸೇರಿಸುವುದು, ಕೊನೆಯಲ್ಲಿ ಬೆಲೆ ಏರಿಸುವುದೂ ಅಲ್ಲಿವೆ. ಗಿರಾಕಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಕಾನೂನು ಬದಿಗಿಟ್ಟು ನೋಡಿದರೂ ನಿಮ್ಮ ಲೆಕ್ಕ ತಪ್ಪಿದೆ. ಬುಕಿಂಗ್ ಎಣಿಸಬೇಡಿ, ಬಂದು ಉಳಿದವರನ್ನು ಎಣಿಸಿ. ನಿಜಕ್ಕೂ ಎರಡೇ ಕೋಣೆ ಉಳಿದ ದಿನ ಆ ಸಾಲನ್ನು ಧಾರಾಳವಾಗಿ ಹಾಕಿ.

ಪತ್ರ ಬರೆಯುವ ಎಲ್ಲರಲ್ಲೂ ಒಂದು ವಿನಂತಿ: ಮುಖಪುಟದ ಚಿತ್ರವನ್ನಷ್ಟೇ ಕಳಿಸಬೇಡಿ. ತಿಂಗಳಿಗೆ ಎಷ್ಟು ಜನ ಬರುತ್ತಾರೆ, ಎಷ್ಟು ಜನ ಕೊಳ್ಳುತ್ತಾರೆ, ಹೆಚ್ಚಿನವರು ಯಾವ ಪುಟದಿಂದ ಹೊರಗೆ ಹೋಗುತ್ತಾರೆ, ಈ ಮೂರನ್ನು ಜೊತೆಗೆ ಬರೆಯಿರಿ. ಅವಿಲ್ಲದ ಪತ್ರಗಳಿಗೆ ಉತ್ತರಿಸಲು ಆಗುವುದಿಲ್ಲ.