ಪಾದೂರಿನ ಬಂಡೆಯೊಳಗೆ ದೇಶದ ಎಣ್ಣೆ



ಮಳೆಗಾಲ ಬರುವ ಮೊದಲು ನಮ್ಮ ಮನೆಗಳಲ್ಲಿ ಎಂತೆಂತ ಕೂಡಿಡುತ್ತಾರೆ? ಒಣ ಕಟ್ಟಿಗೆ, ಹಪ್ಪಳ, ಸಾಂತಾಣಿ, ಒಣಮೀನು. ಮಳೆ ಹೊಡೆಯುವಾಗ ಪೇಟೆಗೆ ಹೋಗ್ಲಿಕ್ಕೆ ಆಗುವುದಿಲ್ಲ, ಬೋಟೂ ಕಡಲಿಗೆ ಇಳಿಯುವುದಿಲ್ಲ. ಹಾಗೆಯೇ ನಮ್ಮ ದೇಶವೂ ಕಷ್ಟಕಾಲಕ್ಕೆಂದು ಒಂದು ವಸ್ತುವನ್ನು ಕೂಡಿಡುತ್ತದೆ. ಅದೇ ಕಚ್ಚಾ ತೈಲ. ಅದನ್ನು ಇಡುವ ಜಾಗಗಳಲ್ಲಿ ಒಂದು ನಮ್ಮ ಕಾಪುವಿನ ಹತ್ತಿರದ ಪಾದೂರಿನಲ್ಲೇ ಉಂಟು! ಈ ಸಲದ ಪಾಠ ಅದರ ಬಗ್ಗೆ.

1. ಯಾರಲ್ಲಿ ಎಷ್ಟು ಉಂಟು? ಯಾರು ಎಷ್ಟು ಉರಿಸುತ್ತಾರೆ?

ಎಣ್ಣೆಯನ್ನು ಪ್ರಪಂಚದಲ್ಲಿ ಪೀಪಾಯಿಯ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಪೀಪಾಯಿ ಅಂದರೆ ಸುಮಾರು 159 ಲೀಟರ್. ಇಡೀ ಪ್ರಪಂಚ ಒಂದು ದಿನಕ್ಕೆ ಸುಮಾರು 10 ಕೋಟಿ ಪೀಪಾಯಿ ಎಣ್ಣೆ ಬಳಸುತ್ತದೆ. 2023ರ ಲೆಕ್ಕ ಹೀಗಿದೆ (ದಿನಕ್ಕೆ, ಸುಮಾರು ಲಕ್ಷ ಪೀಪಾಯಿಗಳಲ್ಲಿ):

ಅಮೆರಿಕ – ಉತ್ಪಾದನೆ 194, ಬಳಕೆ 190
ಸೌದಿ ಅರೇಬಿಯಾ – ಉತ್ಪಾದನೆ 114, ಬಳಕೆ 40
ರಷ್ಯಾ – ಉತ್ಪಾದನೆ 111, ಬಳಕೆ 36
ಚೀನಾ – ಉತ್ಪಾದನೆ 42, ಬಳಕೆ 166
ಭಾರತ – ಉತ್ಪಾದನೆ 7, ಬಳಕೆ 54
ಜಪಾನ್ – ಉತ್ಪಾದನೆ ಇಲ್ಲವೆನ್ನುವಷ್ಟು ಕಡಿಮೆ, ಬಳಕೆ 34

ಈ ಪಟ್ಟಿಯನ್ನು ಸ್ವಲ್ಪ ನಿಂತು ನೋಡಿ. ಸೌದಿ, ರಷ್ಯಾಗಳಲ್ಲಿ ತಾವು ಬಳಸಿ ಮಾರುವಷ್ಟು ಎಣ್ಣೆ ಉಂಟು. ಜಪಾನಿನಲ್ಲಿ ಏನೂ ಇಲ್ಲ, ಆದರೂ ಅದು ದೊಡ್ಡ ಕೈಗಾರಿಕಾ ದೇಶ. ನಮ್ಮ ಭಾರತ ಬಳಕೆಯಲ್ಲಿ ಅಮೆರಿಕ, ಚೀನಾಗಳ ನಂತರ ಮೂರನೇ ಸ್ಥಾನದಲ್ಲಿದೆ. ಆದರೆ ನಮಗೆ ಬೇಕಾದ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದಲೇ ಬರಬೇಕು. ಅಸ್ಸಾಮಿನ ದಿಗ್ಬೋಯಿಯಲ್ಲಿ 1901ರಿಂದಲೇ ಶುದ್ಧೀಕರಣಾಗಾರ ಇದೆ, 1974ರಲ್ಲಿ ಬಾಂಬೆ ಹೈಯಲ್ಲಿ ಸಮುದ್ರದಡಿ ಎಣ್ಣೆ ಸಿಕ್ಕಿತು. ಆದರೂ ಸಾಲುವುದಿಲ್ಲ.

2. ತಲೆಗೆ ಎಷ್ಟು?

"ಮೂರನೇ ಸ್ಥಾನ ಅಂದ್ರೆ ನಾವು ತುಂಬಾ ಖರ್ಚು ಮಾಡ್ತೇವೆ ಅಲ್ವಾ?" ಎಂದು ಕೇಳಬಹುದು. ಭಾಗಾಕಾರ ಮಾಡಿ ನೋಡೋಣ.

54 ಲಕ್ಷ ಪೀಪಾಯಿಯನ್ನು 159ರಿಂದ ಗುಣಿಸಿದರೆ ಸುಮಾರು 86 ಕೋಟಿ ಲೀಟರ್. ಜನ ಸುಮಾರು 143 ಕೋಟಿ. ಅಂದರೆ ಒಬ್ಬರಿಗೆ ದಿನಕ್ಕೆ 0.6 ಲೀಟರ್. ಹೀಗೆಯೇ ಲೆಕ್ಕ ಮಾಡಿದರೆ ಚೀನಾದಲ್ಲಿ ಒಬ್ಬರಿಗೆ ಸುಮಾರು 1.9 ಲೀಟರ್, ಅಮೆರಿಕದಲ್ಲಿ ಸುಮಾರು 9 ಲೀಟರ್. ಪ್ರಪಂಚದ ಸರಾಸರಿ 2 ಲೀಟರ್. ಆದ್ದರಿಂದ ಒಟ್ಟು ಮೊತ್ತ ಬೇರೆ, ತಲಾ ಲೆಕ್ಕ ಬೇರೆ. ಎರಡನ್ನೂ ನೋಡದೆ ಯಾವ ದೇಶವನ್ನೂ ದೂರಬಾರದು.

"ನಮ್ಮ ಮನೆಯಲ್ಲಿ ಗಾಡಿಯೇ ಇಲ್ಲ, ನಮಗೆಂತ ಎಣ್ಣೆಯ ಚಿಂತೆ?" ಎನ್ನಬೇಡಿ. ಕಾರ್ಕಳಕ್ಕೆ ಹೋಗುವ ಬಸ್ಸು, ಮಲ್ಪೆಯ ಬೋಟು, ಘಟ್ಟ ಇಳಿದು ಅಕ್ಕಿ ತರುವ ಲಾರಿ, ಮಣಿಪಾಲದ ಆಸ್ಪತ್ರೆಗೆ ಓಡುವ ಆಂಬುಲೆನ್ಸು, ಎಲ್ಲದಕ್ಕೂ ಡೀಸೆಲ್ ಬೇಕು. ಡೀಸೆಲ್ ದರ ಏರಿದರೆ ಮೀನಿನ ದರವೂ ಏರುತ್ತದೆ.

3. ಕೂಡಿಡುವುದು ಎಂತಕ್ಕೆ?

1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯವರೂ ಸೇರಿ ಲಕ್ಷಾಂತರ ಭಾರತೀಯರು ಎಲ್ಲ ಬಿಟ್ಟು ಊರಿಗೆ ಬರಬೇಕಾಯಿತು. ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಎಣ್ಣೆಗೆ ಹೆಚ್ಚಾಗಿ ಡಾಲರಿನಲ್ಲೇ ಹಣ ಕೊಡಬೇಕಿತ್ತು. 1991ರಲ್ಲಿ ಭಾರತದ ಬಳಿ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿದಿತ್ತು. ದೇಶದ ಚಿನ್ನವನ್ನೇ ಅಡವಿಡಬೇಕಾಯಿತು. ಬೇರೆ ಕಾರಣಗಳೂ ಇದ್ದವು, ಆದರೆ ಎಣ್ಣೆಯ ಪೆಟ್ಟು ದೊಡ್ಡದು. ದೂರದ ಯುದ್ಧವೊಂದು ನಮ್ಮ ಅಡುಗೆಮನೆಗೆ ಬರುವುದು ಹೀಗೆ.

ಇದಕ್ಕೇ 2004ರಲ್ಲಿ ತುರ್ತು ತೈಲ ಸಂಗ್ರಹದ ಕೆಲಸಕ್ಕೆಂದು ಒಂದು ಸರಕಾರಿ ಕಂಪೆನಿ ಸ್ಥಾಪನೆಯಾಯಿತು. ಸಂಗ್ರಹಾಗಾರಗಳು ಮೂರು:

ವಿಶಾಖಪಟ್ಟಣ – 13.3 ಲಕ್ಷ ಟನ್
ಮಂಗಳೂರು – 15 ಲಕ್ಷ ಟನ್
ಪಾದೂರು – 25 ಲಕ್ಷ ಟನ್

ಮೂರರಲ್ಲಿ ದೊಡ್ಡದು ನಮ್ಮದೇ! ಮಂಗಳೂರು ಮತ್ತು ಪಾದೂರಿನವನ್ನು ಪ್ರಧಾನಿ ನರೇಂದ್ರ ಮೋದಿಯವರು 2019ರ ಫೆಬ್ರವರಿ 10ರಂದು ಹುಬ್ಬಳ್ಳಿಯಲ್ಲಿ ದೇಶಕ್ಕೆ ಅರ್ಪಿಸಿದರು. 2020ರ ಏಪ್ರಿಲ್–ಮೇಯಲ್ಲಿ ಕೊರೊನಾದಿಂದ ಎಣ್ಣೆ ಬೆಲೆ ಬಿದ್ದಾಗ ಮೂರನ್ನೂ ತುಂಬಿಸಲಾಯಿತು. ಅಗ್ಗವಿರುವಾಗ ಕೊಂಡಿಡುವುದು ಜಾಣತನ ಅಲ್ವಾ?

4. ಬಂಡೆಯೊಳಗೆ ಎಣ್ಣೆ ಸೋರುವುದಿಲ್ಲವಾ?

ಇದೇ ಬಹಳ ಸೋಜಿಗದ ವಿಷಯ. ಅಲ್ಲಿ ಇರುವುದು ಕಬ್ಬಿಣದ ಟ್ಯಾಂಕಿ ಅಲ್ಲ. ಭೂಮಿಯ ಆಳದ ಕಗ್ಗಲ್ಲನ್ನು ಕೊರೆದು ಮಾಡಿದ ದೊಡ್ಡ ಗುಹೆಗಳು. ಒಳಗೆ ಉಕ್ಕಿನ ತಗಡಿನ ಹೊದಿಕೆಯೂ ಇಲ್ಲ. ಹಾಗಾದರೆ ಎಣ್ಣೆಯನ್ನು ಹಿಡಿದಿಡುವುದು ಯಾರು? ನೀರು!

ನಿಮ್ಮ ಮನೆಯ ಬಾವಿಯನ್ನು ನೆನಪಿಸಿಕೊಳ್ಳಿ. ಬಾವಿ ತೋಡಿದರೆ ಸುತ್ತಲಿನ ಒರತೆ ಒಳಗೆ ಬರುತ್ತದೆ, ಏಕೆಂದರೆ ಹೊರಗಿನ ನೀರಿನ ಒತ್ತಡ ಹೆಚ್ಚು. ಗುಹೆಯೂ ಅಂತರ್ಜಲದ ಮಟ್ಟಕ್ಕಿಂತ ತುಂಬಾ ಕೆಳಗಿರುತ್ತದೆ. ಕಲ್ಲಿನ ಬಿರುಕುಗಳಲ್ಲಿ ತುಂಬಿದ ನೀರು ಗುಹೆಯ ಒಳಗೆ ಒತ್ತುತ್ತದೆ. ಹಾಗಾಗಿ ನೀರು ಒಳಗೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಗೆ ಹೋಗುವುದಿಲ್ಲ. ಜಿನುಗಿದ ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅದನ್ನು ಪಂಪಿನಿಂದ ಎತ್ತುತ್ತಾರೆ. ಬೇಸಿಗೆಯಲ್ಲೂ ಒತ್ತಡ ಇಳಿಯದಂತೆ ಗುಹೆಯ ಮೇಲ್ಗಡೆ ತೂತು ಕೊರೆದು ನೀರು ತುಂಬಿಸುತ್ತಾರೆ. ಇದಕ್ಕೆ "ನೀರಿನ ಪರದೆ" ಎಂದು ಹೆಸರು. ಅಂದರೆ ಅಂತರ್ಜಲ ಇಳಿಯದಂತೆ ನೋಡಿಕೊಳ್ಳುವುದು ಬಾವಿಗೆ ಮಾತ್ರವಲ್ಲ, ಈ ಗುಹೆಗೂ ಅಗತ್ಯ.

5. ಎಷ್ಟು ದಿನಕ್ಕೆ ಸಾಕು?

2023–24ರಲ್ಲಿ ಭಾರತ ಬಳಸಿದ್ದು ಸುಮಾರು 23 ಕೋಟಿ ಟನ್ ಪೆಟ್ರೋಲಿಯಂ ಪದಾರ್ಥ. ದಿನಕ್ಕೆ ಸುಮಾರು 6.4 ಲಕ್ಷ ಟನ್. ಆದ್ದರಿಂದ ಪಾದೂರು ಪೂರ್ತಿ ತುಂಬಿದ್ದರೂ ದೇಶಕ್ಕೆ ಬರೀ 4 ದಿನ! ಮೂರೂ ಸೇರಿದರೆ 8 ದಿನ ಚಿಲ್ಲರೆ. ತೈಲ ಕಂಪೆನಿಗಳ ಟ್ಯಾಂಕಿಗಳಲ್ಲಿ ಇನ್ನೂ ಸುಮಾರು 64 ದಿನಗಳಿಗೆ ಆಗುವಷ್ಟು ಜಾಗ ಇದೆ ಎಂದು ಸರಕಾರ ಹೇಳಿದೆ. 2021ರಲ್ಲಿ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ ಇಡುವ ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಇಂಥ ಕೆಲಸಕ್ಕೆ ಮೇಲೆಯೂ ಜಾಗ ಬೇಕು. ಜಾಗ ಅಂದರೆ ಯಾರದೋ ಗದ್ದೆ, ತೋಟ, ಮನೆ. ದೇಶದ ಕ್ಷೇಮಕ್ಕೆ ಊರಿನವರು ಜಾಗ ಬಿಡುವುದಾದರೆ ಅವರಿಗೆ ನ್ಯಾಯವಾದ ಪರಿಹಾರ ಸಮಯಕ್ಕೆ ಸರಿಯಾಗಿ ಸಿಗಬೇಕು. ಇದನ್ನೂ ಲೆಕ್ಕದಲ್ಲಿ ಸೇರಿಸಬೇಕು.

ನೆನಪಿಡಿ: ಕೂಡಿಟ್ಟದ್ದು ಕೆಲವು ದಿನ ಬರುತ್ತದೆ, ಮಿತವಾಗಿ ಬಳಸಿದ್ದು ಬಹಳ ದಿನ ಬರುತ್ತದೆ.

ನೀವೇ ಉತ್ತರಿಸಿ:
1. ಪಾದೂರು ಗುಹೆಯ 25 ಲಕ್ಷ ಟನ್ ಎಂದರೆ ಎಷ್ಟು ಪೀಪಾಯಿ? (1 ಟನ್ = ಸುಮಾರು 7.3 ಪೀಪಾಯಿ)
2. ಮೇಲಿನ ಪಟ್ಟಿಯಲ್ಲಿ ಬಳಕೆಗಿಂತ ಉತ್ಪಾದನೆ ಹೆಚ್ಚಿರುವ ದೇಶಗಳು ಯಾವುವು?
3. ನಿಮ್ಮ ಮನೆಗೆ ಇವತ್ತು ಬಂದ ಯಾವ ಯಾವ ಸಾಮಾನಿಗೆ ಡೀಸೆಲ್ ಖರ್ಚಾಗಿದೆ? ಪಟ್ಟಿ ಮಾಡಿ ತನ್ನಿ.