ಮಹಿಳಾ ಕಿರುಸಾಲ: ಪರೀಕ್ಷಾ ಟಿಪ್ಪಣಿ

1. ಸ್ವಸಹಾಯ ಸಂಘ: ಸಾಮಾನ್ಯವಾಗಿ 10ರಿಂದ 20 ಸದಸ್ಯೆಯರು ಉಳಿತಾಯ ಕೂಡಿಸಿ, ಅದರಿಂದಲೇ ಪರಸ್ಪರ ಸಾಲ ಪಡೆಯುವ ಗುಂಪು. ಬೆಂಗಳೂರಿನ ಮೈರಾಡ ಸಂಸ್ಥೆ (ಸ್ಥಾಪನೆ 1968) 1980ರ ದಶಕದಲ್ಲಿ ಇದನ್ನು ಬೆಳೆಸಿದ ಬಳಿಕ, 1992ರಲ್ಲಿ ನಬಾರ್ಡ್ (ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್) ಇಂಥ ಸಂಘಗಳಿಗೆ ಬ್ಯಾಂಕ್ ಜೋಡಣೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು.

2. ಗೊಂದಲ ಬೇಡ: ಕರ್ನಾಟಕ ಸರ್ಕಾರದ ಯೋಜನೆಗಳಲ್ಲಿ ಸ್ತ್ರೀಶಕ್ತಿ (2000-01) ಸ್ವಸಹಾಯ ಗುಂಪು ಆಧಾರಿತ, ಉದ್ಯೋಗಿನಿ (1997-98) ವೈಯಕ್ತಿಕ ಸಾಲಕ್ಕೆ ಸಹಾಯಧನ.

3. ರಾಜ್ಯದ ಬಡವರ ಬಂಧು ಯೋಜನೆ (2018): ಬೀದಿ ವ್ಯಾಪಾರಿಗಳಿಗೆ 10,000 ರೂ.ವರೆಗೆ ಬಡ್ಡಿರಹಿತ ಸಾಲ. ಇಂಥ ಸಾಲದಿಂದ, ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಹೂ ಮಾರುವ ಮಹಿಳೆಯು ನಸುಕಿನಲ್ಲೇ ಕೆ.ಆರ್. ಮಾರುಕಟ್ಟೆಯಿಂದ ಸೇವಂತಿಗೆ, ಕನಕಾಂಬರ ತರಲು ಮೀಟರ್ ಬಡ್ಡಿಗೆ, ಅಂದರೆ ವೇಗವಾಗಿ ಏರುವ ಖಾಸಗಿ ಬಡ್ಡಿಗೆ, ಕೈಯೊಡ್ಡುವುದು ತಪ್ಪಿದರೆ, ಉಳಿದ ಹಣ ಮಕ್ಕಳ ಶುಲ್ಕಕ್ಕೂ ಕಿರಾಣಿ ಬಾಕಿಗೂ ಸಂದು ಬಡಾವಣೆಯೊಳಗೇ ಚಲಾವಣೆಯಾಗುತ್ತದೆ.